ಐವರಲ್ಲ, ಒಬ್ಬರೇ! ಜಯಂತಿ ಎಂಬ ಬೆರಗು

ಕೋಟೆಯ ಕಿಂಡಿಯ ಪಕ್ಕ ಒನಕೆ ಎತ್ತಿ ನಿಂತ ಓಬವ್ವ. ಎಡಕಲ್ಲು ಗುಡ್ಡದ ಹತ್ತಿರದ ಮನೆಯಲ್ಲಿ ಒಳಗೊಳಗೇ ಬೇಯುವ ಮಾಧವಿ. ರಾಜ್‌ಕುಮಾರ್ ಎದುರು ಬಂದು ಒಂದು ಪಾರಿವಾಳ ಕೇಳುವ ನೀಲಾ. ‘ಮಸಣದ ಹೂವು’ ಚಿತ್ರದಲ್ಲಿ ಸೂಳೆಮನೆ ನಡೆಸುವ ಗಟ್ಟಿ ಹೆಂಗಸು. 1965ರಲ್ಲೇ ಈಜುಡುಗೆ ತೊಟ್ಟು ತೆರೆಗೆ ಬಂದ ಮಿಸ್ ಲೀಲಾವತಿ. ಈ ಐವರೂ ಒಬ್ಬರೇ! ಒಂದೇ ಜೀವ, ಒಂದೇ ಜೊತೆ ಕಣ್ಣು, ಒಂದೇ ಕಂಠ! ಹೆಸರು ಜಯಂತಿ. ಊರು ಬಳ್ಳಾರಿ. ನಮ್ಮ ಪಾಮನಕಲ್ಲೂರಿನಿಂದ ಸಿಂಧನೂರು, ಸಿರುಗುಪ್ಪ ದಾಟಿದರೆ ಸಿಗುವ ಅದೇ ಬಳ್ಳಾರಿ!

ಚಿತ್ರರಂಗ ಬಲ್ಲವರಿಗೆ ಇದು ಹಳೆಯ ಸಂಗತಿ ಇರಬಹುದು. ಆದರೆ ಹೊಲದ ಕೆಲಸ ಮುಗಿಸಿ, ಉಂಡು, ಸಿಕ್ಕ ಸಿನಿಮಾ ಸಿಕ್ಕಲ್ಲಿಂದ ನೋಡುವ ನನ್ನಂಥ ಪ್ರೇಕ್ಷಕನಿಗೆ ಇದು ನಿಧಿ ಸಿಕ್ಕಂತೆಯೇ ಸರಿ. ಟೂರಿಂಗ್ ಟಾಕೀಸಿನ ಕಾಲದವರು ಒಂದನ್ನು ಅಲ್ಲಿ ನೋಡಿದ್ದಾರೆ, ದೂರದರ್ಶನದ ಭಾನುವಾರದ ಸಿನಿಮಾದಲ್ಲಿ ಇನ್ನೊಂದು ಬಂದಿದೆ, ಮಗದೊಂದು ಈಗ ಮೊಬೈಲಿನಲ್ಲಿ ಓಡುತ್ತದೆ. ಹೀಗೆ ಬಿಡಿಬಿಡಿಯಾಗಿ ಬಂದ ಹೆಣ್ಣುಗಳು ನಮ್ಮ ಮನಸ್ಸಿನಲ್ಲಿ ಬೇರೆ ಬೇರೆಯಾಗಿಯೇ ಉಳಿದುಬಿಡುತ್ತಾರೆ. ನಾವು ಸಿನಿಮಾ ನೆನೆಯುವುದು ಹೀರೋ ಹೆಸರಿನಲ್ಲಿ. ಅಣ್ಣಾವ್ರ ಪಿಕ್ಚರು, ವಿಷ್ಣು ಪಿಕ್ಚರು, ಅಂಬರೀಷ್ ಪಿಕ್ಚರು. ಒಮ್ಮೆ, ಒಂದೇ ಒಂದು ಸಲ, ಆ ಲೆಕ್ಕವನ್ನು ತಿರುಗಿಸಿ ನೋಡಿ. ನಾಯಕಿಯ ಹೆಸರು ಹಿಡಿದು ಹೊರಡಿ. ಕನ್ನಡ ಸಿನಿಮಾದೊಳಗೆ ಇನ್ನೊಂದು ಕನ್ನಡ ಸಿನಿಮಾ ಬಾಗಿಲು ತೆರೆಯುತ್ತದೆ!

ನಮ್ಮ ಪಕ್ಕದ ಮಸ್ಕಿಯ ಬಂಡೆಗಲ್ಲು ಮಾಡಿದ್ದೂ ಇಂಥದೇ ಕೆಲಸ. ದೇಶದ ಉದ್ದಗಲಕ್ಕೂ ಶಾಸನಗಳಿದ್ದವು. ಅವುಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿತ್ತು. ಅದು ಅಶೋಕನದೇ ಎಂದು ವಿದ್ವಾಂಸರು ತರ್ಕಿಸಿದ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಗುಡ್ಡದಲ್ಲಿ ಕಂಡ ಶಾಸನದಲ್ಲಿ ಆ ಬಿರುದಿನ ಪಕ್ಕದಲ್ಲೇ ‘ಅಶೋಕ’ ಎಂಬ ಹೆಸರೂ ಇತ್ತು. ಚದುರಿದ್ದ ಕಲ್ಲುಗಳೆಲ್ಲ ಒಬ್ಬನೇ ದೊರೆಯ ಮಾತು ಎಂಬುದಕ್ಕೆ ಕಲ್ಲೇ ಸಾಕ್ಷಿ ನುಡಿಯಿತು. ಜಯಂತಿ ಎಂಬ ಹೆಸರು ಕಣ್ಣಿಗೆ ಬಿದ್ದಾಗ ಚದುರಿದ್ದ ಈ ಹೆಣ್ಣುಗಳೆಲ್ಲ ಹಾಗೆಯೇ ಒಟ್ಟಿಗೆ ಎದ್ದು ನಿಂತರು.

ನಮ್ಮ ದೊಡ್ಡವ್ವನನ್ನು ಕೇಳಿದೆ: “ದೊಡ್ಡವ್ವಾ, ಓಬವ್ವ ಆದಾಕಿ, ಎಡಕಲ್ಲು ಗುಡ್ಡದ ಮಾಧವಿ ಆದಾಕಿ ಇಬ್ರೂ ಒಬ್ಬಾಕಿನೇ ಅಂತ ನಿನಗ ಗೊತ್ತಿತ್ತೇನು?”

“ಜಯಂತಿ ಅಲ್ಲೇನೋ ತಮ್ಮಾ! ಆಕಿ ಕಣ್ಣ ನೋಡಿದ್ರ ಗೊತ್ತಾಗಂಗಿಲ್ಲೇನು?”

ಹೌದು, ಕಣ್ಣು! ಆ ಕಣ್ಣಿನ ಒಡತಿ ಯಾರೆಂಬಲ್ಲಿಂದಲೇ ಶುರುಮಾಡೋಣ.

1945ರ ಜನವರಿ 6ರಂದು ಹುಟ್ಟಿದ ಈ ಹುಡುಗಿಯ ಹೆಸರು ಕಮಲಾಕುಮಾರಿ. ತಂದೆ ಬೆಂಗಳೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರು. ತಂದೆ-ತಾಯಿ ಬೇರೆಯಾದ ಮೇಲೆ ಮಗಳು ತಾಯಿಯ ಜೊತೆ ಮದರಾಸು ಸೇರಿ ನಾಟ್ಯ ಕಲಿಯತೊಡಗಿದಳು. ಆ ತಾಲೀಮಿನಲ್ಲಿ ನಿರ್ದೇಶಕ ವೈ.ಆರ್. ಸ್ವಾಮಿ ಅವರ ಕಣ್ಣಿಗೆ ಬಿದ್ದಳು. 1963ರ ‘ಜೇನುಗೂಡು’ ಸಿನಿಮಾದೊಂದಿಗೆ ಕಮಲಾಕುಮಾರಿ ಜಯಂತಿಯಾದರು. ಅಲ್ಲಿಂದ ಕನ್ನಡ, ತಮಿಳು, ತೆಲುಗು, ಮಲಯಾಳ, ಹಿಂದಿ ಅಂತ ಹಬ್ಬಿದ ನಟನೆ ನೂರಾರು ಚಿತ್ರಗಳನ್ನು ತುಂಬಿತು. ಕನ್ನಡಿಗರು ಪ್ರೀತಿಯಿಂದ ‘ಅಭಿನಯ ಶಾರದೆ’ ಎಂದು ಕರೆದರು. 2021ರ ಜುಲೈ 26ರಂದು, 76ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು.

ಈಗ ಸಿನಿಮಾಗಳನ್ನು ಒಂದೊಂದಾಗಿ ತೆಗೆಯುತ್ತೇನೆ. ಇವು ಪಂಡಿತರ ಮಾತಲ್ಲ, ನೋಡಿ ಮೆಚ್ಚಿದವನ ಮಾತು.

ಮೊದಲು ‘ಮಿಸ್ ಲೀಲಾವತಿ’. ಎಂ.ಆರ್. ವಿಠ್ಠಲ್ ನಿರ್ದೇಶನ. ಈಜುಡುಗೆಯಲ್ಲಿ ಕಾಣಿಸಿಕೊಂಡ ಕನ್ನಡದ ಮೊದಲ ನಾಯಕಿ ಎಂದೇ ಜಯಂತಿ ಅವರನ್ನು ಇಂದಿಗೂ ಗುರುತಿಸುತ್ತಾರೆ. ಮಾತೆಲ್ಲ ಆ ಉಡುಪಿನ ಮೇಲೆಯೇ ನಿಂತುಬಿಟ್ಟಿದೆ. ಆದರೆ ನೋಡುತ್ತ ಹೋದರೆ ಬೆರಗು ಹುಟ್ಟಿಸುವುದು ಉಡುಪಲ್ಲ, ನಡಿಗೆ! ತನ್ನಿಷ್ಟದಂತೆ ಬದುಕುತ್ತೇನೆ ಎನ್ನುವ ಹೆಣ್ಣು ಹೇಗೆ ನಡೆಯುತ್ತಾಳೆ, ಹೇಗೆ ಕುರ್ಚಿ ಎಳೆದು ಕೂರುತ್ತಾಳೆ, ಎದುರಿನವನನ್ನು ಹೇಗೆ ನೇರ ನೋಡುತ್ತಾಳೆ, ಎಲ್ಲವೂ ಅಲ್ಲಿದೆ. ಆಗ ಜಯಂತಿಗೆ ಇಪ್ಪತ್ತರ ಹರೆಯ. ಮೈಮುದುಡದೆ ನಿಲ್ಲುವ ಆ ಧೈರ್ಯ ಇಪ್ಪತ್ತಕ್ಕೇ ಬಂದಿತ್ತೆಂದರೆ!

ಅದಕ್ಕೂ ಒಂದು ವರ್ಷ ಮುಂಚೆ, 1964ರಲ್ಲಿ, ‘ಚಂದವಳ್ಳಿಯ ತೋಟ’ ಬಂದಿತ್ತು. ಹಳ್ಳಿಯ ಮನೆ, ತೋಟ, ಒಡೆಯುವ ಅಣ್ಣತಮ್ಮಂದಿರು. ರಾಜ್‌ಕುಮಾರ್ ಜೊತೆ ಜಯಂತಿ. ಅದು ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಪಡೆದ ಸಿನಿಮಾ. ಬೆನ್ನಿಗೇ ಬಂದ ಮಿಸ್ ಲೀಲಾವತಿಯನ್ನೂ ಇದನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಿ. ಹಳ್ಳಿಯ ಹೆಣ್ಣುಮಗಳೂ ಆಕೆಯೇ, ಪಟ್ಟಣದ ಹೊಸಗಾಳಿಯೂ ಆಕೆಯೇ. ಎರಡರ ನಡುವೆ ಒಂದೇ ವರ್ಷ!

‘ಕಸ್ತೂರಿ ನಿವಾಸ’, 1971. ದೊರೈ-ಭಗವಾನ್ ಚಿತ್ರ. ಕೊಟ್ಟೂ ಕೊಟ್ಟೂ ಬರಿದಾದ ಯಜಮಾನನ ಪಾತ್ರದಲ್ಲಿ ರಾಜ್‌ಕುಮಾರ್ ಎಲ್ಲರ ಕರುಳು ಹಿಂಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಕೊನೆಯ ದೃಶ್ಯವನ್ನು ಈ ಸಲ ನೀಲಾಳ ಕಡೆಯಿಂದ ನೋಡಿ. ಆಕೆ ಬಂದದ್ದು ಕಾಯಿಲೆಯ ಮಗುವಿಗಾಗಿ ಪಾರಿವಾಳ ಕೇಳಲು. ಆತ ಆಕೆಗೆ ಊಟ ಹಾಕಲೆಂದು ಆ ಪಾರಿವಾಳವನ್ನೇ ಮಾರಿಯಾಗಿದೆ. ಕೇಳಿದವಳು ತಪ್ಪಿತಸ್ಥೆಯಂತೆ ಕಾಣುವ ಅಪಾಯ ಅಲ್ಲಿ ಎಷ್ಟಿದೆ! ನೋಡುವವರ ಕೋಪವೆಲ್ಲ ಆಕೆಯ ಮೇಲೆ ತಿರುಗಬೇಕಿತ್ತು. ತಿರುಗುವುದಿಲ್ಲ. ಕೇಳುವಾಗಿನ ಸಂಕೋಚವನ್ನೂ ಕೇಳದೆ ಇರಲಾಗದ ತಾಯಿಯ ಕಷ್ಟವನ್ನೂ ಜಯಂತಿ ಒಂದೇ ಮುಖದಲ್ಲಿ ಹಿಡಿದಿಟ್ಟಿದ್ದಾರೆ. ಕೊಡುವವನ ದುಃಖ ದೊಡ್ಡದಾಗಬೇಕಾದರೆ ಕೇಳುವವಳೂ ಅಷ್ಟೇ ಗಟ್ಟಿಯಾಗಿರಬೇಕು. 2014ರಲ್ಲಿ ಈ ಚಿತ್ರ ಬಣ್ಣ ತೊಟ್ಟು ಮತ್ತೆ ತೆರೆಗೆ ಬಂತು. ನನಗಂತೂ ಕಪ್ಪು-ಬಿಳುಪೇ ಹೆಚ್ಚು ಇಷ್ಟ. ನೀಲಾಳ ಕಣ್ಣು ಅಲ್ಲಿ ಇನ್ನಷ್ಟು ಆಳ.

ಇನ್ನು ನಿರ್ದೇಶಕ ಪುಟ್ಟಣ್ಣ ಕಣಗಾಲ್! ಜಯಂತಿಯ ಬೆರಗು ಮುಗಿಲು ಮುಟ್ಟುವುದು ಇಲ್ಲೇ.

1972ರ ‘ನಾಗರಹಾವು’. ವಿಷ್ಣುವರ್ಧನ್ ರಾಮಾಚಾರಿ, ಆರತಿ, ಅಂಬರೀಷ್, ಅಶ್ವಥ್, ಲೀಲಾವತಿ. ಅಷ್ಟು ಜನರ ನಡುವೆ ಜಯಂತಿ ಇರುವುದು ಎಷ್ಟು ಹೊತ್ತು? ಒಂದು ಹಾಡಿನಷ್ಟು ಹೊತ್ತು! ಗಂಡ ಊಟಕ್ಕೆ ಕೂತಿದ್ದಾನೆ, ನೀರಿಗೆಂದು ಹೋದ ಹೆಂಡತಿ ಕಿಂಡಿಯಲ್ಲಿ ನುಸುಳುವ ಹೈದರಾಲಿಯ ಸೈನಿಕರನ್ನು ಕಾಣುತ್ತಾಳೆ, ಕೈಗೆ ಸಿಕ್ಕ ಒನಕೆ ಎತ್ತುತ್ತಾಳೆ. ಅಷ್ಟೇ. ನಾಯಕಿಯಾಗಿ ಮೆರೆಯುತ್ತಿದ್ದ ನಟಿ ಒಂದು ಹಾಡಿಗಾಗಿ ಬಂದು, ಹೆಸರನ್ನು ಶಾಶ್ವತವಾಗಿ ಬರೆದು ಹೋದರು.

ಯಾಕೆ ಅಷ್ಟು ನಾಟಿತು? ನಮ್ಮ ಸೀಮೆಯ ಹೆಂಗಸರನ್ನು ಕೇಳಿ. ಒನಕೆ ಕೈಯಲ್ಲಿ ಹಿಡಿದವರಿಗೆ ಗೊತ್ತು, ಅದನ್ನು ಎತ್ತುವುದಕ್ಕೆ ಒಂದು ಲಯವಿದೆ. ಭುಜ ಬಳಲದಂತೆ ಏಳಬೇಕು, ಭಾರ ತಾನೇ ಇಳಿಯಬೇಕು. ಜಯಂತಿ ಅದನ್ನು ಕತ್ತಿಯಂತೆ ಬೀಸುವುದಿಲ್ಲ. ದಿನಾ ಕುಟ್ಟುವ ಕೈಯೇ ಇವತ್ತೂ ಕುಟ್ಟುತ್ತಿದೆ, ಕೆಳಗೆ ಇರುವುದು ಮಾತ್ರ ಬೇರೆ. ವೀರಾವೇಶದ ಮುಖಕ್ಕಿಂತ ಮೊದಲು ಬೆಚ್ಚಿದ ಮುಖ ಬರುತ್ತದೆ, ಆಮೇಲೆ ನಿರ್ಧಾರ ಬರುತ್ತದೆ. ರಾಣಿಯಲ್ಲ, ಸೇನಾನಿಯಲ್ಲ, ಕಾವಲುಗಾರನ ಹೆಂಡತಿ ಎಂಬುದನ್ನು ಆಕೆ ಒಂದು ಕ್ಷಣವೂ ಮರೆತಿಲ್ಲ. 18ನೆಯ ಶತಮಾನದ ಓಬವ್ವನನ್ನು ನಾವು ಯಾರೂ ಕಂಡಿಲ್ಲ. ಆದರೂ ಕಣ್ಣು ಮುಚ್ಚಿ ಓಬವ್ವ ಎಂದರೆ ಒಂದು ಮುಖ ಮೂಡುತ್ತದೆ, ಅದು ಜಯಂತಿಯದು! ಇತಿಹಾಸದ ಹೆಣ್ಣಿಗೆ ಮುಖ ಕೊಡುವುದೆಂದರೆ ಸಾಮಾನ್ಯವೇ? 2021ರಿಂದ ನವೆಂಬರ್ 11ರಂದು ಸರ್ಕಾರವೇ ಓಬವ್ವ ಜಯಂತಿ ಆಚರಿಸುತ್ತಿದೆ. ಆ ನಟಿ ಅಗಲಿದ ವರ್ಷವೂ ಅದೇ.

ಉಸಿರು ಬಿಡುವಷ್ಟರಲ್ಲಿ 1973. ಅದೇ ಪುಟ್ಟಣ್ಣ, ಅದೇ ಜಯಂತಿ, ‘ಎಡಕಲ್ಲು ಗುಡ್ಡದ ಮೇಲೆ’! ಭಾರತೀಸುತರ ಕಾದಂಬರಿ. ವಯನಾಡಿನ ಎಡಕಲ್ಲು, ಬಂಡೆಯ ಮೇಲೆ ಆದಿಮಾನವರು ಕೊರೆದ ಚಿತ್ರಗಳಿರುವ ಆ ಗುಡ್ಡ. ಪುರುಷತ್ವ ಕಳೆದುಕೊಂಡ ವೈದ್ಯ ಗಂಡ, ಅವನನ್ನು ಗೌರವಿಸುವ, ಆದರೆ ದೇಹದ ಹಸಿವನ್ನು ಅದುಮಲಾರದ ಹೆಂಡತಿ ಮಾಧವಿ, ಎದುರು ಬಂದ ಯುವಕ, ಅವನತ್ತಲೇ ವಾಲುವ ತಂಗಿ. ಐವತ್ತು ವರ್ಷದ ಹಿಂದೆ ಈ ಕಥೆ! ಈ ಒಂದು ಸಿನಿಮಾದಿಂದ ನಟ ಚಂದ್ರಶೇಖರ್ ಕೊನೆಯವರೆಗೂ ‘ಎಡಕಲ್ಲು ಚಂದ್ರಶೇಖರ್’ ಆಗಿಯೇ ಉಳಿದರು.

ಮಾಧವಿಯನ್ನು ಕೆಟ್ಟವಳೆಂದು ತೋರಿಸುವುದು ಸುಲಭವಿತ್ತು. ಪಾಪದವಳೆಂದು ಅಳಿಸುವುದು ಇನ್ನೂ ಸುಲಭ. ಜಯಂತಿ ಎರಡನ್ನೂ ಮಾಡಲಿಲ್ಲ. ಆಕೆಯ ಮಾಧವಿ ನಮ್ಮ ಕರುಣೆ ಬೇಡುವುದಿಲ್ಲ, ನಮ್ಮ ಒಪ್ಪಿಗೆಗೂ ಕಾಯುವುದಿಲ್ಲ. ಗಂಡನಿಗೆ ಔಷಧ ಕೊಡುವ ಕೈಯೂ ನಿಜ, ಕಿಟಕಿಯಾಚೆ ತಿರುಗುವ ಕಣ್ಣೂ ನಿಜ. ಹಿಂದಿನ ವರ್ಷ ಒನಕೆ ಹಿಡಿದು ಊರನ್ನು ಕಾದ ಅದೇ ಹೆಣ್ಣು ಈಗ ತನ್ನನ್ನೇ ಕಾಯಲಾರದೆ ನರಳುತ್ತಿದ್ದಾಳೆ. ಎರಡನ್ನೂ ಒಟ್ಟಿಗೆ ನೋಡಿದಾಗ ಮೈ ಜುಮ್ಮೆನ್ನುತ್ತದೆ! ಈ ಪಾತ್ರಕ್ಕೆ ಜಯಂತಿ ರಾಜ್ಯ ಪ್ರಶಸ್ತಿ ಪಡೆದರು. ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ಇದಕ್ಕೇ.

ಮೆಚ್ಚದ ಸಿನಿಮಾ ಇಲ್ಲವೇ? ಇದೆ. 1976ರ ‘ಬಹದ್ದೂರ್ ಗಂಡು’. ಹಾಡು, ಕುದುರೆ, ಕತ್ತಿವರಸೆ ಎಲ್ಲವೂ ಸೊಗಸು. ಆದರೆ ಸೊಕ್ಕಿನ ರಾಜಕುಮಾರಿಯನ್ನು ಪಳಗಿಸುವ ಆ ಕಥೆಯ ದಾರಿ ನನಗೆ ಒಗ್ಗದು. ಆದರೂ ಅಲ್ಲೊಂದು ಪವಾಡ ನಡೆಯುತ್ತದೆ: ಜಯಂತಿಯ ಸೊಕ್ಕು ಎಷ್ಟು ಚೆಂದವೆಂದರೆ, ಆಕೆ ಸೋಲಬಾರದು ಎಂದೇ ಮನಸ್ಸು ಹಟ ಹಿಡಿಯುತ್ತದೆ. ಕಥೆ ಗಂಡನ್ನು ಗೆಲ್ಲಿಸಿದರೂ ನಟನೆ ಹೆಣ್ಣನ್ನು ಗೆಲ್ಲಿಸುತ್ತದೆ!

ಕೊನೆಗೆ ‘ಮಸಣದ ಹೂವು’, 1985. ಪುಟ್ಟಣ್ಣನವರ ಕೊನೆಯ ಚಿತ್ರ. ಜೂನ್ 5ರಂದು ಅವರು ತೀರಿಕೊಂಡರು, ಉಳಿದ ಕೆಲಸವನ್ನು ಕೆ.ಎಸ್.ಎಲ್. ಸ್ವಾಮಿ ಮುಗಿಸಿದರು. ನಲವತ್ತರ ಜಯಂತಿ ಇಲ್ಲಿ ಸೂಳೆಮನೆಯ ಒಡತಿ. ನಾಯಕಿಯರು ತಾಯಿ ಪಾತ್ರಕ್ಕೂ ಹಿಂಜರಿಯುವ ವಯಸ್ಸಿನಲ್ಲಿ ಆಕೆ ಒಪ್ಪಿದ್ದು ಇಂಥ ಪಾತ್ರ! ಎಲೆ ಅಡಿಕೆಯ ಬಾಯಿ, ಲೆಕ್ಕ ಹಾಕುವ ಕಣ್ಣು, ಒರಟು ದನಿ. ನೀಲಾಳ ನೆರಳು ಕೂಡ ಅಲ್ಲಿಲ್ಲ. ಆದರೆ ಆ ಒರಟಿನ ಕೆಳಗೂ ಒಂದು ಬದುಕು ಸವೆದುಹೋಗಿದೆ ಎಂದು ಕಾಣುತ್ತದೆ. ಇದಕ್ಕೂ ರಾಜ್ಯ ಪ್ರಶಸ್ತಿ ಬಂತು, ಪೋಷಕ ನಟಿಯಾಗಿ. ಅದೇ ಚಿತ್ರದಲ್ಲಿ ಮೊದಲ ಸಲ ಬಣ್ಣ ಹಚ್ಚಿದ ಹುಡುಗಿ ಅಪರ್ಣಾ. ಬೆಂಗಳೂರಿನ ನಮ್ಮ ಮೆಟ್ರೊ ರೈಲಿನಲ್ಲಿ ಮುಂದಿನ ನಿಲ್ದಾಣ ಹೇಳುತ್ತಿದ್ದ ಅದೇ ಅಪರ್ಣಾ!

ತಡೆಯಿರಿ, ಇನ್ನೊಂದು ಅಚ್ಚರಿ ಬಾಕಿ ಇದೆ. ‘ಚಂದವಳ್ಳಿಯ ತೋಟ’ ಯಾರ ಕಾದಂಬರಿ? ತರಾಸು. ‘ನಾಗರಹಾವು’? ತರಾಸು. ‘ಮಸಣದ ಹೂವು’? ಅದೂ ತರಾಸು! ದುರ್ಗದ ಸೀಮೆಯ ಒಬ್ಬ ಕಾದಂಬರಿಕಾರ, ಬಳ್ಳಾರಿಯ ಒಬ್ಬ ನಟಿ, ಹತ್ತೊಂಬತ್ತರ ಹರೆಯದಿಂದ ನಲವತ್ತರವರೆಗೆ ಮೂರು ಸಿನಿಮಾ. ಹೀರೋ ಹೆಸರಿನಲ್ಲಿ ಲೆಕ್ಕ ಹಾಕಿದರೆ ಒಂದು ರಾಜ್‌ಕುಮಾರ್ ಚಿತ್ರ, ಒಂದು ವಿಷ್ಣು ಚಿತ್ರ, ಒಂದು ಅಂಬರೀಷ್ ಚಿತ್ರ, ಮೂರಕ್ಕೂ ಸಂಬಂಧವೇ ಇಲ್ಲ. ಜಯಂತಿ ಹೆಸರಿನಲ್ಲಿ ಲೆಕ್ಕ ಹಾಕಿ, ಮೂರೂ ಒಂದೇ ದಾರದಲ್ಲಿ ಬರುತ್ತವೆ!

ತಮಿಳಿಗೆ ಹೋದರೂ ಆಕೆಯೇ. ಕೆ. ಬಾಲಚಂದರ್ 1969ರಲ್ಲಿ ಮಾಡಿದ ‘ಇರು ಕೋಡುಗಳ್’ ಚಿತ್ರದಲ್ಲಿ ಜೆಮಿನಿ ಗಣೇಶನ್‌ಗೆ ಇಬ್ಬರು ಹೆಂಡಿರು. ಮೊದಲನೆಯವಳು, ಕಲೆಕ್ಟರ್ ಆಗಿ ಬರುವವಳು, ಸಾಹುಕಾರ್ ಜಾನಕಿ. ಎರಡನೆಯವಳು ನಮ್ಮ ಜಯಂತಿ. ಅಲ್ಲಿಯೂ ಅಷ್ಟೇ, ಪ್ರೇಕ್ಷಕರ ಒಲವು ಸುಲಭಕ್ಕೆ ಸಿಗದ ಜಾಗದಲ್ಲೇ ಆಕೆ ನಿಂತಿದ್ದಾರೆ.

ನನಗೆ ಹೊಳೆದ ಸತ್ಯ ಇದೇ. ಪಾರಿವಾಳ ಕೇಳುವವಳು, ಗಂಡನಿರುವಾಗ ಬೇರೊಬ್ಬನತ್ತ ನೋಡುವವಳು, ಎರಡನೆಯ ಹೆಂಡತಿ, ಸೊಕ್ಕಿನವಳು, ಸೂಳೆಮನೆಯವಳು: ನೋಡುವವರು ಬೈಯಲು ಸಿದ್ಧವಾಗಿ ಕೂತ ಪಾತ್ರಗಳನ್ನೇ ಜಯಂತಿ ಮತ್ತೆ ಮತ್ತೆ ಎತ್ತಿಕೊಂಡರು. ಎತ್ತಿಕೊಂಡು, ಬೈಯಲು ತೆರೆದ ಬಾಯನ್ನು ಮುಚ್ಚಿಸಿದರು. ನಮ್ಮ ಊರ ಕಟ್ಟೆಯಲ್ಲಿ ಹೆಣ್ಣೊಬ್ಬಳ ಬಗ್ಗೆ ತೀರ್ಪು ಕೊಡುವುದು ಎಷ್ಟು ಸಲೀಸು! ಆ ತೀರ್ಪಿಗೆ ಮುನ್ನ ಅವಳ ಮುಖ ನೋಡಿ ಎಂದು ಮೂವತ್ತು, ನಲವತ್ತು ವರ್ಷ ತೆರೆಯ ಮೇಲಿಂದ ಹೇಳಿದ ಕಲಾವಿದೆ ಆಕೆ.

ಇವತ್ತು ರಾತ್ರಿಯೇ ಶುರುಮಾಡಿ. ಮೊದಲು ‘ನಾಗರಹಾವು’, ಅದರ ಮರುದಿನವೇ ‘ಎಡಕಲ್ಲು ಗುಡ್ಡದ ಮೇಲೆ’. ಈ ಕ್ರಮ ತಪ್ಪಿಸಬೇಡಿ. ಮನೆಯ ಹಿರಿಯ ಹೆಂಗಸರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರಿಗೆ ನಿಮಗಿಂತ ಹೆಚ್ಚು ಗೊತ್ತಿರುತ್ತದೆ. ಜಯಂತಿ ಮುಗಿದ ಮೇಲೆ ಪಂಢರಿಬಾಯಿ ಇದ್ದಾರೆ, ಲೀಲಾವತಿ ಇದ್ದಾರೆ, ಕಲ್ಪನಾ ಇದ್ದಾರೆ, ಆರತಿ ಇದ್ದಾರೆ. ಒಬ್ಬೊಬ್ಬರ ಹೆಸರು ಹಿಡಿದು ಹೊರಟರೂ ಒಂದೊಂದು ಕನ್ನಡ ಸಿನಿಮಾ ಕಾದು ಕೂತಿದೆ!