ಇಂಗ್ಲಿಷಿನ ಜೋಡಿ ಅವ್ಯಯಗಳು: ಸಾವಳಗಿಯ ಆಡುಮಾತಿನ ಬೆಳಕಿನಲ್ಲಿ

'ಹಿ ಈಸ್ ಅಪ್ ಆನ್ ದ ರೂಫ್' ಎಂಬ ವಾಕ್ಯವನ್ನು ಓದಿದ ವಿದ್ಯಾರ್ಥಿಗೆ ಸಹಜವಾಗಿಯೇ ಒಂದು ಸಂದೇಹ ಹುಟ್ಟುತ್ತದೆ. 'ಅಪ್' ಎಂದರೂ ಮೇಲೆ, 'ಆನ್' ಎಂದರೂ ಮೇಲೆ. ಒಂದೇ ಮಾತಿಗೆ ಎರಡು ಪದಗಳೇಕೆ? "ಅದು ಆ ಭಾಷೆಯ ರೂಢಿ, ಬಾಯಿಪಾಠ ಮಾಡಿರಿ" ಎಂಬ ಉತ್ತರವೇ ತರಗತಿಗಳಲ್ಲಿ ಸಾಮಾನ್ಯವಾಗಿ ದೊರೆಯುವುದು. ಇದು ಅರ್ಧಸತ್ಯವೆಂದೂ, ಈ ಜೋಡಣೆಯ ಮರ್ಮವನ್ನು ಕನ್ನಡ ವಿದ್ಯಾರ್ಥಿಯು ತನ್ನ ಮನೆಮಾತಿನಲ್ಲಿಯೇ ಅರಿತಿರುವನೆಂದೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಈ ಎರಡು ಪದಗಳ ಕಾರ್ಯವನ್ನು ಬೇರ್ಪಡಿಸಿ ನೋಡಬೇಕು. 'ಶಿ ವೆಂಟ್ ಡೌನ್ ಟು ದ ರಿವರ್' ಎಂಬಲ್ಲಿ 'ಡೌನ್' ಕ್ರಿಯಾಪದಕ್ಕೆ ಸೇರಿದ ಕ್ರಿಯಾವಿಶೇಷಣ; 'ಟು' ಮುಂದಿನ ನಾಮಪದಕ್ಕೆ ಸೇರಿದ ಪ್ರೆಪೊಜಿಶನ್. ಪರೀಕ್ಷೆ ಸುಲಭವಾದುದು. 'ಶಿ ವೆಂಟ್ ಡೌನ್' ಎಂದು ನಿಲ್ಲಿಸಿದರೆ ವಾಕ್ಯ ಪೂರ್ಣವಾಗುತ್ತದೆ, 'ಶಿ ವೆಂಟ್ ಟು' ಎಂದು ನಿಲ್ಲಿಸಿದರೆ ಕೇಳುವವನು "ಎಲ್ಲಿಗೆ?" ಎಂದು ಕಾಯುತ್ತಾನೆ. ಮೊದಲನೆಯದು ಸ್ವತಂತ್ರ, ಎರಡನೆಯದು ನಾಮಪದಾಧೀನ.

ಇನ್ನು ಬಾಗಲಕೋಟೆ ಜಿಲ್ಲೆ ಜಮಖಂಡಿ ತಾಲೂಕಿನ ಸಾವಳಗಿಯ ಕಡೆಯ ಆಡುಮಾತನ್ನು ಗಮನಿಸೋಣ. ಅಜ್ಜನೆಲ್ಲಿ ಎಂದು ಕೇಳಿದರೆ "ಮ್ಯಾಲ ಮಾಳಿಗಿ ಮ್ಯಾಲ ಕುಂತಾನ" ಎಂಬ ಉತ್ತರ ಬರುತ್ತದೆ. ಅಪ್ಪ "ಹೊರಗ ಹೊಲದಾಗ" ಇದ್ದಾನೆ. ನೀರು "ತೆಳಗ ಬಾವ್ಯಾಗ" ಇದೆ. ಮೊದಲನೆಯ 'ಮ್ಯಾಲ' ಆಡುವವನಿದ್ದ ನೆಲೆಯಿಂದ ದಿಕ್ಕನ್ನು ಸೂಚಿಸುತ್ತದೆ. ಎರಡನೆಯ 'ಮ್ಯಾಲ' ಮಾಳಿಗೆಗೂ ಅಜ್ಜನಿಗೂ ಇರುವ ಸಂಬಂಧವನ್ನು ತಿಳಿಸುತ್ತದೆ. 'ಅಪ್ ಆನ್ ದ ರೂಫ್', 'ಔಟ್ ಇನ್ ದ ಫೀಲ್ಡ್', 'ಡೌನ್ ಇನ್ ದ ವೆಲ್' ಎಂಬುವು ಇದೇ ಎರಕದವು: ಮೊದಲು ದಿಕ್ಕು, ಅನಂತರ ನೆಲೆ.

ಮೊದಲ ಪದವು ಆಡುವವನ ದೃಷ್ಟಿಯನ್ನೇ ಅವಲಂಬಿಸಿದೆಯೆಂಬುದಕ್ಕೆ ಮತ್ತೊಂದು ನಿದರ್ಶನ. ಸಾವಳಗಿಗೂ ಜಮಖಂಡಿಗೂ ನಡುವೆ ಕೃಷ್ಣಾ ನದಿ ಹರಿಯುತ್ತದೆ. ಸಾವಳಗಿಯವನಿಗೆ ಅಣ್ಣ "ಆಚಿ ಜಮಖಂಡ್ಯಾಗ" ಇದ್ದಾನೆ. ಇದೇ ಇಂಗ್ಲಿಷಿನಲ್ಲಿ 'ಓವರ್ ಇನ್ ಜಮಖಂಡಿ'. ಜಮಖಂಡಿಯಲ್ಲಿರುವ ಮತ್ತೊಬ್ಬನು ಅದೇ ಅಣ್ಣನನ್ನು ಕುರಿತು "ಇಲ್ಲೇ ಜಮಖಂಡ್ಯಾಗ" ಎನ್ನುವನು. ಅವನ ಇಂಗ್ಲಿಷ್ 'ಹಿಯರ್ ಇನ್ ಜಮಖಂಡಿ' ಎಂದಾಗುತ್ತದೆ. ದಿಕ್ಕಿನ ಪದ ಬದಲಾಯಿತು. 'ಇನ್' ಬದಲಾಗಲಿಲ್ಲ, ಕನ್ನಡದ ವಿಭಕ್ತಿಯೂ ಬದಲಾಗಲಿಲ್ಲ.

ಆದರೆ ಎರಡು ಭಾಷೆಗಳಲ್ಲಿರುವ ಭೇದವನ್ನು ಮರೆಯಲಾಗದು. ವಿದ್ಯಾರ್ಥಿಗಳ ತಪ್ಪುಗಳು ಹುಟ್ಟುವುದು ಅಲ್ಲಿಯೇ. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಅವ್ಯಯಗಳಿಗೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಆದರೂ ಮೇಲೆ, ಕೆಳಗೆ, ಒಳಗೆ, ಹೊರಗೆ ಎಂಬ ನಮ್ಮ ದಿಗ್ವಾಚಕಗಳು ಸಂಪೂರ್ಣ ಅವ್ಯಯಗಳಲ್ಲ. ಮೇಲಕ್ಕೆ, ಕೆಳಕ್ಕೆ, ಒಳಗಿನಿಂದ ಎಂದು ಅವು ನಾಮಪದಗಳಂತೆ ವಿಭಕ್ತಿಯನ್ನು ತಳೆಯುತ್ತವೆ. ಇಂಗ್ಲಿಷಿನ 'ಅಪ್', 'ಡೌನ್' ಗಳಿಗೆ ಈ ಗುಣವಿಲ್ಲ. 'ಕೆಳಕ್ಕೆ ಬಾ' ಎಂಬುದರ 'ಕ್ಕೆ' ಪ್ರತ್ಯಯವನ್ನೂ ಭಾಷಾಂತರಿಸಲು ಹೋಗಿ ವಿದ್ಯಾರ್ಥಿಯು 'ಕಮ್ ಟು ಡೌನ್' ಎಂದು ಬರೆಯುತ್ತಾನೆ. 'ಟು' ಬೇಕಾಗುವುದು ನಾಮಪದಕ್ಕೆ ಮಾತ್ರವೆಂದು ತಿಳಿದರೆ ಈ ದೋಷ ತಾನಾಗಿ ನಿವಾರಣೆಯಾಗುವುದು.

ಎರಡನೆಯ ಭೇದ ಪದಕ್ರಮದ್ದು. ಕನ್ನಡದಲ್ಲಿ 'ಮನೆಯಿಂದ ಹೊರಗೆ ಬಂದನು' ಎಂದು ನಾಮಪದವನ್ನು ಮೊದಲಿಡುವುದು ವಾಡಿಕೆ. 'ಹೊರಗೆ ಹೊಲದಲ್ಲಿ' ಎಂಬಲ್ಲಿ ದಿಕ್ಕು ಮೊದಲು ಬರುತ್ತದೆ. ಎರಡು ಕ್ರಮಗಳೂ ನಮಗೆ ಸಾಧು. ಇಂಗ್ಲಿಷಿನಲ್ಲಿಯಾದರೋ 'ಹಿ ಕೇಮ್ ಔಟ್ ಆಫ್ ದ ಹೌಸ್' ಎಂದು ಕ್ರಿಯಾವಿಶೇಷಣವೇ ಮುಂದಾಗುತ್ತದೆ. 'ಇನ್' ಮತ್ತು 'ಟು' ಕೂಡಿ ಒಂದೇ ಪದವಾದ 'ಇಂಟು' ಕೂಡ ಇದೇ ಕ್ರಮದ ಫಲ. ಆದರೆ 'ಹಿ ವೆಂಟ್ ಇನ್ ಟು ಡಿನ್ನರ್' ಎಂಬಲ್ಲಿ ಎರಡೂ ಬೇರೆಬೇರೆ: ಅವನು ಹೋದದ್ದು ಒಳಗೆ, ಊಟಕ್ಕೆ; ಊಟದೊಳಕ್ಕಲ್ಲ.

ಇಷ್ಟು ತಿಳಿದ ಮೇಲೆ ನುಡಿಗಟ್ಟುಗಳಾಗಿ ನಿಂತ ಜೋಡಿಗಳನ್ನು ವಿವೇಚಿಸಬಹುದು. ಕ್ರಿಯಾಪದದೊಡನೆ ಇಂಥ ಚಿಕ್ಕ ಪದ ಬೆರೆತ ರೂಪಕ್ಕೆ 'ಫ್ರೇಸಲ್ ವರ್ಬ್' ಎಂಬ ಹೆಸರನ್ನು ಲೋಗನ್ ಪಿಯರ್ಸಲ್ ಸ್ಮಿತ್ 1925ರ ತನ್ನ ಗ್ರಂಥದಲ್ಲಿ ಬಳಸಿದನು. ಕ್ವರ್ಕ್ ಮೊದಲಾದ ನಾಲ್ವರು ವಿದ್ವಾಂಸರು 1985ರ ಬೃಹದ್ವ್ಯಾಕರಣದಲ್ಲಿ ಪ್ರೆಪೊಜಿಶನ್ ಸಹ ಸೇರಿದ ರೂಪಗಳನ್ನು ಬೇರೊಂದು ವರ್ಗವಾಗಿ ಎಣಿಸಿದರು. ಇವುಗಳಲ್ಲಿ ತರತಮವುಂಟು. 'ಲುಕ್ ಡೌನ್ ಆನ್' ಎಂಬುದರ ಅರ್ಥ 'ಕೀಳಾಗಿ ಕಾಣು' ಎಂಬ ನಮ್ಮ ಮಾತನ್ನು ಬಲ್ಲವನಿಗೆ ನಿಚ್ಚಳ. 'ರನ್ ಔಟ್ ಆಫ್' ಎಂದರೆ ತೀರಿಹೋಗುವುದು. ಸ್ವಲ್ಪ ಯೋಚಿಸಿದರೆ ಹೊಳೆಯುತ್ತದೆ. ಸಹಿಸು ಎಂಬರ್ಥದ 'ಪುಟ್ ಅಪ್ ವಿತ್' ಮಾತ್ರ ಬಿಡಿ ಪದಗಳಿಂದ ತಿಳಿಯದು. ಬಾಯಿಪಾಠದ ಶ್ರಮವನ್ನು ಈ ಕೊನೆಯ ಬಗೆಗೆ ಮೀಸಲಿಟ್ಟರೆ ಸಾಕು.

ಅರ್ಥ ಮಸುಕಾದರೂ ರಚನೆ ಕೆಡುವುದಿಲ್ಲವೆಂಬುದು ಮುಖ್ಯ. 'ಪುಟ್ ಇಟ್ ಆಫ್' ಎನ್ನುವಾಗ ಸರ್ವನಾಮ ನಡುವೆ ಬರುತ್ತದೆ, ಏಕೆಂದರೆ ಅಲ್ಲಿನ 'ಆಫ್' ಕ್ರಿಯಾವಿಶೇಷಣ. 'ಪುಟ್ ಅಪ್ ವಿತ್ ಇಟ್' ಎನ್ನುವಾಗ ಅದು ಕೊನೆಯಲ್ಲಿಯೇ ನಿಲ್ಲಬೇಕು, ಏಕೆಂದರೆ 'ವಿತ್' ತನ್ನ ನಾಮಪದವನ್ನು ಮುಂದಕ್ಕೆ ಬೇಡುತ್ತದೆ. 'ಲುಕ್ ಫಾರ್ವರ್ಡ್ ಟು' ಎಂಬಲ್ಲಿಯೂ 'ಟು' ಪ್ರೆಪೊಜಿಶನ್ನೇ. ಆದಕಾರಣ ಅದರ ಮುಂದೆ 'ಮೀಟಿಂಗ್ ಯು' ಎಂಬ ಭಾವನಾಮವೇ ಬರತಕ್ಕದ್ದು, 'ಮೀಟ್ ಯು' ಅಲ್ಲ. ನೌಕರಿಯ ಅರ್ಜಿಯ ಕೊನೆಯ ಸಾಲಿನಲ್ಲಿಯೇ ಈ ತಪ್ಪು ನುಸುಳುವುದು ಹೆಚ್ಚು; ಹಳ್ಳಿಯ ಪದವೀಧರನ ಯೋಗ್ಯತೆಯನ್ನು ಆ ಒಂದು ಸಾಲಿನಿಂದಲೇ ಅಳೆದುಬಿಡುವ ಸಂಭವವೂ ಉಂಟು.

ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಆತನ ಆಡುಮಾತೇ ಇಂಗ್ಲಿಷಿಗೆ ಅಡ್ಡಿಯೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಪ್ರತ್ಯಯದ ಮಟ್ಟಿಗೆ ಅದು ಅಡ್ಡಿಯಾದೀತು. ತಿಳಿವಳಿಕೆಗೆ ಅದೇ ಮೆಟ್ಟಿಲು. ಅಧ್ಯಾಪಕರು ಜೋಡಿಗಳ ಪಟ್ಟಿಯನ್ನು ಒಪ್ಪಿಸುವ ಮೊದಲು "ಮ್ಯಾಲ ಮಾಳಿಗಿ ಮ್ಯಾಲ" ಎಂಬುದನ್ನು ಕರಿಹಲಗೆಯ ಮೇಲೆ ಬರೆದು, ಎರಡು 'ಮ್ಯಾಲ'ಗಳ ಅಂತರವೇನೆಂದು ಕೇಳಲಿ. ಸಾವಳಗಿಯ ಹುಡುಗನು ಅದಕ್ಕೆ ಉತ್ತರ ಕೊಡಬಲ್ಲನು. ಆ ಉತ್ತರವೇ ಇಂಗ್ಲಿಷ್ ಪಾಠದ ಆರಂಭವಾಗುವುದು.