ಅಡಿಗೆಮನೆಯ ಕಲ್ಲುಕಟ್ಟೆಯ ಅಂಚು

ಹೊಸದಾಗಿ ಮನೆ ಕಟ್ಟಿಸುವವರು ಅಡಿಗೆಯ ಕಟ್ಟೆಗೆ ಕಲ್ಲನ್ನು ಆರಿಸುವಾಗ ಅದರ ಬಣ್ಣವನ್ನೂ ಹೊಳಪನ್ನೂ ಬಹಳವಾಗಿ ಪರೀಕ್ಷಿಸುವರು; ಅಂಚಿನ ವಿಷಯವನ್ನು ಮಾತ್ರ ಕೆಲಸಗಾರನಿಗೆ ಬಿಟ್ಟುಬಿಡುವರು. ಆದರೆ ಗೃಹಿಣಿಯ ಕೈಯೂ ಸೆರಗೂ ದಿನಕ್ಕೆ ಹತ್ತಾರು ಸಲ ತಗಲುವುದು ಈ ಅಂಚಿಗೇ. ಕಟ್ಟೆಯ ಎತ್ತರವು ಸಾಮಾನ್ಯವಾಗಿ 32ರಿಂದ 34 ಅಂಗುಲ. ಎರಡು ಮೂರು ವರ್ಷದ ಕೂಸಿನ ಹಣೆಯೂ ಸುಮಾರು ಅಷ್ಟೇ ಎತ್ತರದಲ್ಲಿರುವುದು. ಆದಕಾರಣ ಈ ಅಂಚನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ತಾವೇ ವಿಚಾರಿಸಿ ಗೊತ್ತುಮಾಡತಕ್ಕದ್ದೆಂದು ನಾವು ಹೇಳುತ್ತೇವೆ.

ಅಂಚುಗಳಲ್ಲಿ ಮುಖ್ಯವಾಗಿ ಐದು ಬಗೆಗಳುಂಟು. ಮೊದಲನೆಯದು ನೇರವಾದ ಅಂಚು. ಇದಕ್ಕೆ ಖರ್ಚು ಕಡಿಮೆ. ಆದರೆ ಚೂಪಾದ ಮೂಲೆಯ ಹಿಂದೆ ಪೆಟ್ಟನ್ನು ತಾಳುವಷ್ಟು ಕಲ್ಲು ಇರುವುದಿಲ್ಲವಾದ್ದರಿಂದ, ಕುಕ್ಕರು ತಗಲಿದರೂ ತೆಂಗಿನಕಾಯಿ ಬಡಿದರೂ ಚಕ್ಕೆ ಹಾರುವುದು. ಮೂಲೆಯನ್ನು ಎರಡು ಮೂರು ಮಿಲಿಮೀಟರಿನಷ್ಟಾದರೂ ಉಜ್ಜಿಸಿ ಮೊಂಡುಮಾಡಿಸಬೇಕು. ಎರಡನೆಯದು ಮೂಲೆಯನ್ನು ಓರೆಯಾಗಿ ಕತ್ತರಿಸಿದ ಅಂಚು. ಮೂರನೆಯದರಲ್ಲಿ ಮೇಲ್ಭಾಗ ಮಾತ್ರ ದುಂಡಗಿದ್ದು ಕೆಳಮೂಲೆ ನೇರವಾಗಿರುವುದು. ಇದನ್ನು ಹಾಫ್ ರೌಂಡ್ ಎನ್ನುವರು. ನಾಲ್ಕನೆಯದಾದ ಫುಲ್ ರೌಂಡ್ ಕೈಗೆ ಹಿತವಾದರೂ, ಚೆಲ್ಲಿದ ನೀರು ದುಂಡನ್ನು ಅನುಸರಿಸಿ ಕಲ್ಲಿನ ಅಡಿಗೆ ಹರಿದು ಕಪಾಟಿನ ಮರವನ್ನು ಕೆಡಿಸುವುದು. ಅಡಿಯಲ್ಲಿ ಸಣ್ಣ ಗೀರು ಕೊರೆಸಿದರೆ ನೀರು ಅಲ್ಲಿಯೇ ತೊಟ್ಟಿಕ್ಕಿ ನಿಲ್ಲುವುದು. ಐದನೆಯದು ಬಳುಕುಗಳುಳ್ಳ ಅಲಂಕಾರದ ಅಂಚು. ಇದರ ತಗ್ಗಿನಲ್ಲಿ ಹಿಟ್ಟೂ ಜಿಡ್ಡೂ ಕೂತು ಒರಸುವ ಕೆಲಸವನ್ನು ಹೆಚ್ಚಿಸುವುವು.

ಕಲ್ಲಿನ ಗುಣವನ್ನೂ ನೋಡಬೇಕು. ಇಳಕಲ್ಲಿನ ಕೆಂಪು ಗ್ರಾನೈಟು ಗಟ್ಟಿಯಾದುದರಿಂದ ಯಾವ ಆಕಾರಕ್ಕೂ ಒಗ್ಗುವುದು. ಕಡಪದ ಕಲ್ಲಾದರೋ ಸುಣ್ಣಕಲ್ಲಿನ ಜಾತಿಯದು; ಪದರಪದರವಾಗಿ ಏಳುವುದುಂಟು. ಅದಕ್ಕೆ ಸರಳವಾದ ಅಂಚೇ ಲೇಸು. ಕಡಪದ ಕಲ್ಲಿನ ಮೇಲೂ ಅಮೃತಶಿಲೆಯ ಮೇಲೂ ನಿಂಬೆ ಹುಣಿಸೆಗಳ ಹುಳಿ ಬಿದ್ದರೆ ಹೊಳಪು ಮಾಸುವುದು. ಹೆಚ್ಚು ದಪ್ಪವಾಗಿ ಕಾಣಲೆಂದು ಚಪ್ಪಡಿಯ ಅಡಿಗೆ ಪಟ್ಟಿಯನ್ನು ಅಂಟಿಸುವವರು ಬೆಸುಗೆಯಲ್ಲಿ ನೀರು ಇಳಿಯದಂತೆ ನೋಡಿಕೊಳ್ಳಬೇಕು.

ಇನ್ನೊಂದು ಮಾತನ್ನು ನಾವು ಮರೆಯಲಾಗದು. ಅಂಚಿನ ಆಕಾರ ತೊಡಕಾದಷ್ಟೂ ಉಜ್ಜುವ ಕಾಲ ಹೆಚ್ಚು. ಗ್ರಾನೈಟನ್ನು ಒಣಗಿದಂತೆಯೇ ಉಜ್ಜಿದರೆ ಏಳುವ ನುಣುಪಾದ ಸಿಲಿಕಾ ಧೂಳು ಕೆಲಸಗಾರನ ಶ್ವಾಸಕೋಶವನ್ನು ಸೇರಿ, ಗುಣವಾಗದ ಸಿಲಿಕೋಸಿಸ್ ರೋಗವನ್ನು ತರುವುದು. ಗ್ರಾನೈಟಿಗಿಂತ ಹೆಚ್ಚು ಸಿಲಿಕಾವುಳ್ಳ ಕೃತಕ ಕಲ್ಲನ್ನು ಆಸ್ಟ್ರೇಲಿಯಾ ದೇಶವು ಈ ಕಾರಣದಿಂದಲೇ 2024ನೆಯ ಜುಲೈ 1ರಿಂದ ನಿಷೇಧಿಸಿತು. ನೀರು ಹರಿಸುತ್ತಲೇ ಉಜ್ಜಬೇಕೆಂದೂ ಕೆಲಸಗಾರನು ತಕ್ಕ ಮುಖಕವಚವನ್ನು ಧರಿಸಬೇಕೆಂದೂ ಯಜಮಾನಿಯು ಮೊದಲೇ ಕರಾರು ಮಾಡಿಕೊಳ್ಳಲಿ.

ಸಾಧಾರಣ ಸಂಸಾರಕ್ಕೆ ಹಾಫ್ ರೌಂಡೇ ಸಾಕೆಂಬುದು ನಮ್ಮ ಅಭಿಪ್ರಾಯ. ಹಣ ಕೊಡುವ ಮುನ್ನ ಮಾದರಿಯ ತುಂಡೊಂದನ್ನು ತರಿಸಿ, ಅಂಚಿನ ಮೇಲೆ ಅಂಗೈಯಾಡಿಸಿರಿ. ಒಂದು ಲೋಟ ನೀರನ್ನು ಸುರಿದು ಅದು ಎಲ್ಲಿಗೆ ಹರಿಯುವುದೆಂದು ನೋಡಿರಿ. ಆಮೇಲೆ ನಿಶ್ಚಯಿಸಿರಿ.