ಎಂಟು ಪಡಿ ರಾಗಿಯೂ ಆದಿತಾಳವೂ

ಅಂಗಡಿಯ ಗಲ್ಲೆಯ ಮೇಲೆ ಕುಳಿತು ಬೆರಳಲ್ಲಿ ತಾಳ ಹಾಕುವ ಚಾಳಿ ನನಗೆ ಇಂದಿಗೂ ಇದೆ. ನೋಡಿದವರು "ಸೌಕಾರ್ರು ಬಡ್ಡಿ ಲೆಕ್ಕ ಹಾಕ್ತಿದಾರೆ" ಎಂದುಕೊಳ್ಳುತ್ತಾರೆ. ನಿಜ ಹೇಳಿದರೆ ಅದು ಸರಳೆ ವರಸೆ. ಎಸ್.ಎಸ್.ಎಲ್.ಸಿ.ಗೇ ಓದು ಮುಗಿಸಿದ ನಾನು ಸಂಗೀತದ ವಿದ್ವಾಂಸನೇನಲ್ಲ. ಮೂರು ವರ್ಷ ಕಲಿತ ಕಥೆ ಮಾತ್ರ ಹೇಳಬಲ್ಲೆ.

ಅದು 1973. ಹೊಸೂರು ಆಗ ಧರ್ಮಪುರಿ ಜಿಲ್ಲೆಯಲ್ಲಿತ್ತು. ಕೃಷ್ಣಗಿರಿ ಜಿಲ್ಲೆಯಾದದ್ದು 2004ರಲ್ಲಿ. ನಮ್ಮದು ದವಸದ ಅಂಗಡಿ. ಮನೆಯಲ್ಲಿ ಸಂಜೆ ಆರತಿಯ ಹೊತ್ತಿಗೆ ಶ್ರುತಿಯಾಗಿ ಹಾಡುವವರು ಒಬ್ಬರಾದರೂ ಇರಲಿ ಎಂಬುದು ಅಮ್ಮನ ಆಸೆ. "ಹಾಡು ಹೊಟ್ಟೆಗೆ ಹಿಟ್ಟು ಕೊಡುತ್ಯೇ?" ಎಂದು ಅಪ್ಪ ಗೊಣಗಿದರೂ ಅಮ್ಮನ ಮಾತೇ ನಡೆಯಿತು. ಮೇಷ್ಟ್ರು ತಮಿಳರು, ನಾನು ಕನ್ನಡದವನು, ಕಲಿಯಬೇಕಾದ ಕೃತಿಗಳು ತೆಲುಗು. ನಮ್ಮ ಗಡಿನಾಡಿನಲ್ಲಿ ಇದೇನೂ ವಿಶೇಷವಲ್ಲ.

ಮೊದಲ ಕಷ್ಟ ಊಟದ್ದು. ನಮ್ಮ ಮನೆಯಲ್ಲಿ ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಯಬೇಕು. ಪಾಠವೋ ಆರೂವರೆಗೆ. ಹೊಟ್ಟೆ ತುಂಬ ಮುದ್ದೆ ಉಂಡು ಹೋಗಿ ಮಾಯಾಮಾಳವಗೌಳ ರಾಗದಲ್ಲಿ ಸರಿಗಮ ಎಂದರೆ 'ಗ' ಬರುವ ಜಾಗದಲ್ಲಿ ತೇಗು ಬರುತ್ತಿತ್ತು. ಜೊತೆಗೆ ಕಲಿಯುತ್ತಿದ್ದ ಇಬ್ಬರು ಹುಡುಗಿಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವರು. ಮೇಷ್ಟ್ರು ಮಾತ್ರ ಗಂಭೀರವಾಗಿ, "ಈ ಸ್ವರ ಎಪ್ಪತ್ತೆರಡು ಮೇಳದಲ್ಲೂ ಇಲ್ಲಪ್ಪಾ" ಎನ್ನುತ್ತಿದ್ದರು.

ಎರಡನೆಯ ಕಷ್ಟ ಗಂಟಲು ಒಡೆದದ್ದು. ಹದಿನಾಲ್ಕನೆಯ ವಯಸ್ಸಿಗೆ ಮೇಲಿನ ಷಡ್ಜ ಮುಟ್ಟಹೋದರೆ ಹುಂಜ ಕೂಗಿದಂತಾಗುತ್ತಿತ್ತು. ಮೇಷ್ಟ್ರು "ದಿನಾ ಜೇನುತುಪ್ಪ ನೆಕ್ಕು" ಎಂದರು. ನಮ್ಮ ಮನೆಯಲ್ಲಿ ಜೇನು ನಿಷಿದ್ಧವೆಂಬುದು ಅವರಿಗೆ ಗೊತ್ತಿರಲಿಲ್ಲ. ಅಮ್ಮ ಅದರ ಬದಲು ಹಾಲಿಗೆ ಒಣಶುಂಠಿ, ಮೆಣಸು, ಬೆಲ್ಲ ಹಾಕಿ ಕಾಯಿಸಿ ಕೊಟ್ಟಳು. ಗಂಟಲು ಅದರಿಂದ ಸರಿಯಾಯಿತೋ ವಯಸ್ಸಿನಿಂದ ಸರಿಯಾಯಿತೋ, ಅಂತೂ ಸರಿಯಾಯಿತು.

ಮೂರನೆಯದು ದೊಡ್ಡ ಅನಾಹುತ. ಆದಿತಾಳ ನಿಮಗೆ ಗೊತ್ತೇ ಇದೆ: ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ಪೆಟ್ಟು ಮತ್ತು ಬೀಸು. ಒಟ್ಟು ಎಂಟು, ಮುಗಿದರೆ ಮತ್ತೆ ಒಂದರಿಂದ. ದವಸ ಅಳೆಯುವಾಗ ನಾವು ಒಂದು ಎನ್ನದೆ 'ಲಾಭ' ಎಂದು ಶುರು ಮಾಡುತ್ತೇವಷ್ಟೆ. ಒಂದು ದಿನ ಮತ್ತಿಗಿರಿ ಕಡೆಯ ಗಾಡಿಯವನೊಬ್ಬ ಹನ್ನೆರಡು ಪಡಿ ರಾಗಿ ಕೇಳಿದ. ಬಾಯಲ್ಲಿ ಜಂಟಿ ವರಸೆ, ಕೈಯಲ್ಲಿ ಪಡಿ. ಎಂಟು ಆಗುತ್ತಲೇ ಆವರ್ತ ಮುಗಿಯಿತೆಂದು ಮತ್ತೆ 'ಲಾಭ' ಎಂದು ಮೊದಲಿನಿಂದ ಎಣಿಸಿದೆ. ಹನ್ನೆರಡಕ್ಕೆ ನಿಲ್ಲಿಸುವ ಹೊತ್ತಿಗೆ ಚೀಲದಲ್ಲಿ ಇಪ್ಪತ್ತು ಪಡಿ ಬಿದ್ದಿತ್ತು!

ಮಾರನೆಯ ಬೆಳಿಗ್ಗೆ ಆ ಪುಣ್ಯಾತ್ಮ ಎಂಟು ಪಡಿ ರಾಗಿ ಗಂಟು ಕಟ್ಟಿ ತಂದ. "ಸೌಕಾರ್ರೇ, ನಿಮ್ಮ ಮಗ ಪದ ಹೇಳ್ಕೊಂಡು ಅಳೆದವ್ನೆ, ಜಾಸ್ತಿ ಬಂದೈತೆ" ಎಂದ. ಅಪ್ಪ ಅವನಿಗೆ ಎರಡು ಪಡಿ ಇನಾಮು ಕೊಟ್ಟು, ನನ್ನ ಕೈ ಹಿಡಿದು ನೇರ ಮೇಷ್ಟ್ರ ಮನೆಗೆ ನಡೆದರು. ಸಂಗೀತಕ್ಕೆ ಅಂದೇ ಕೊನೆ ಎಂದುಕೊಂಡೆ.

ಮೇಷ್ಟ್ರು ಎಲ್ಲವನ್ನೂ ಕೇಳಿ, "ಶೆಟ್ಟರೇ, ಪಾಠ ನಿಲ್ಲಿಸಿದರೆ ಹುಡುಗನಿಗೆ ಎಂಟರ ಲೆಕ್ಕ ಮಾತ್ರ ಉಳಿಯುತ್ತೆ. ಕಲಿಯಲು ಬಿಟ್ಟರೆ ಮೂರು, ಐದು, ಏಳು, ಹತ್ತು, ಹದಿನಾಲ್ಕು ಎಲ್ಲಾ ಬರುತ್ತೆ. ಸಪ್ತತಾಳದಲ್ಲಿ ಲೆಕ್ಕ ತಪ್ಪದವನು ಅಂಗಡಿಯಲ್ಲಿ ತಪ್ಪುತ್ತಾನೆಯೇ?" ಎಂದರು. ಈ ಪಾಠಗಳನ್ನು ಕ್ರಮಪಡಿಸಿದವರೆಂದು ಹೇಳುವ ಪುರಂದರದಾಸರೂ ಮೊದಲು ವ್ಯಾಪಾರಿಯಾಗಿದ್ದರಂತೆ ಎಂದೂ ಸೇರಿಸಿದರು. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಅಂಗಡಿಯಲ್ಲಿ ಹಾಡಬೇಡ" ಎಂದಷ್ಟೇ ಹೇಳಿ ಎದ್ದರು.

ನಮ್ಮವರಿಗೂ ಸಂಗೀತಕ್ಕೂ ನಂಟು ಹಳೆಯದೆಂದು ಆಮೇಲೆ ತಿಳಿಯಿತು. 'ಸಂಗೀತ ಸಮಯಸಾರ' ಬರೆದ ಪಾರ್ಶ್ವದೇವ ಜೈನ ವಿದ್ವಾಂಸ. ರತ್ನಾಕರವರ್ಣಿಯ 'ಭರತೇಶ ವೈಭವ' ಇರುವುದು ಸಾಂಗತ್ಯದಲ್ಲಿ, ಅಂದರೆ ಹಾಡಲೆಂದೇ ಇರುವ ಮಟ್ಟಿನಲ್ಲಿ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿಯವರು ಬರೆದ ಹಾಡನ್ನು ಎಂ.ಎಸ್. ಸುಬ್ಬುಲಕ್ಷ್ಮಿಯವರು ಹಾಡಿ ಮನೆಮಾತು ಮಾಡಿದರು. ನಮ್ಮ ಮಣ್ಣಿನಲ್ಲಿ ರಾಗಿ, ಮಾವು, ಹುಣಸೆ ಮಾತ್ರ ಬೆಳೆಯುತ್ತದೆಂದು ತಿಳಿಯಬೇಡಿ.

1976ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಯುವಷ್ಟರಲ್ಲಿ ಅಪ್ಪನ ಕಣ್ಣು ಮಂಜಾಯಿತು. ಹಿರಿಯ ಮಗನಾದ ನಾನು ಗಲ್ಲೆಗೆ ಕುಳಿತೆ. ಪಾಠ ನಾಲ್ಕನೆಯ ವರ್ಣಕ್ಕೆ ನಿಂತಿತು. ಕೃತಿಗಳವರೆಗೆ ಹೋಗಲೇ ಇಲ್ಲವೆಂಬ ಕೊರಗು ಇಂದಿಗೂ ಇದೆ, ಸುಳ್ಳೇಕೆ ಹೇಳಲಿ?

ಆದರೆ ಒಂದು ಸಂಗತಿ. ಕಣ್ಣು ಕಾಣದ ಮೇಲೆ ಅಪ್ಪ, ಅಂಗಡಿ ಬಾಗಿಲು ಹಾಕಿದ ನಂತರ, "ಏನಾದರೂ ಹೇಳೋ" ಎನ್ನುತ್ತಿದ್ದರು. ನಾನು ವರ್ಣ ಹಾಡಿದರೆ ತೊಡೆಯ ಮೇಲೆ ತಾಳ ಹಾಕುವರು. ಪ್ರತಿ ಸಲವೂ ಏಳಕ್ಕೇ ಮುಗಿಸಿಬಿಡುತ್ತಿದ್ದರು. ನಾನು ತಿದ್ದಲಿಲ್ಲ. ಎಂಟು ಪಡಿ ಕಳೆದವನು ಒಂದು ಎಣಿಕೆಗೆ ತಕರಾರು ಮಾಡುವುದೇ?

ಈಗ ಮೊಮ್ಮಗಳು ಬೆಂಗಳೂರಿನಲ್ಲಿ ಮೊಬೈಲ್ ಮುಂದಿಟ್ಟುಕೊಂಡು ಪಾಠ ಕಲಿಯುತ್ತಾಳೆ. ಶ್ರುತಿ ಪೆಟ್ಟಿಗೆಯೂ ಅದರೊಳಗೇ. ನಿಮ್ಮ ಮಕ್ಕಳನ್ನೂ ಎರಡು ವರ್ಷವಾದರೂ ಕಳಿಸಿ. ವಿದ್ವಾನ್ ಆಗದಿದ್ದರೆ ಚಿಂತೆಯಿಲ್ಲ. ಮುಪ್ಪಿನಲ್ಲಿ ಗಲ್ಲೆಯ ಮೇಲೆ ಬೆರಳಾಡಿಸುವಾಗ ತಿಳಿಯುತ್ತದೆ, ಮೊದಲ ಎಣಿಕೆಗೆ ನಮ್ಮ ಹಿರಿಯರು 'ಲಾಭ' ಎಂದೇಕೆ ಹೆಸರಿಟ್ಟರೆಂದು.